ಬಾಚಿದರೆ ಹೋಗದ ಸುಳಿ

ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಚಿಕ್ಕವನಿದ್ದಾಗ ಒಂದು ವರ್ಷ ತಾತನ ಜೊತೆ ಹೋಗಿದ್ದೆ. ಹಳ್ಳಿಕಾರ್ ಜೋಡಿಯೊಂದರ ಮುಂದೆ ತಾತ ನಿಂತರು. ಹಲ್ಲು ನೋಡಿದರು, ಗೊರಸು ನೋಡಿದರು, ಹತ್ತು ಹೆಜ್ಜೆ ನಡೆಸಿ ನೋಡಿದರು. ಆಮೇಲೆ ಹಣೆಯಿಂದ ಬೆನ್ನಿನವರೆಗೆ ಅಂಗೈ ಆಡಿಸುತ್ತಾ ಸುಳಿ ಹುಡುಕಿದರು. ಒಂದು ಎತ್ತಿನ ಬೆನ್ನಿನ ಮೇಲೆ ಅವರಿಗೆ ಒಪ್ಪದ ಜಾಗದಲ್ಲಿ ಸುಳಿ ಇತ್ತು. ವ್ಯಾಪಾರ ಅಲ್ಲಿಗೇ ನಿಂತಿತು. ಎತ್ತು ನನಗೆ ತುಂಬಾ ಹಿಡಿಸಿತ್ತು. ‘ಬಾಚುದ್ರೆ ಹೋಗಕಿಲ್ವಾ ತಾತ?’ ಎಂದು ಕೇಳಿದೆ. ‘ಹೋಗಕ್ಕೆ ಅದೇನು ಧೂಳಾ ಮಗ? ಹುಟ್ತಾನೇ ಬಂದದ್ದು ಕನ’ ಎಂದರು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಪ್ಪು ದ್ರವ್ಯ ಎನ್ನುತ್ತೀರಿ, ಕಪ್ಪು ಕುಳಿ ಎನ್ನುತ್ತೀರಿ, ಇವೆರಡೂ ಒಂದೇನಾ? ಈಚೆಗೆ ಮೈಸೂರಿನ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದು ಬರೆದಿದ್ದಳು: ‘ಸರ್, ಎಳೆಯ ವಿಶ್ವದಲ್ಲಿ ಉಂಟಾದ ದೋಷಗಳಿಂದ ಇವೆರಡೂ ಹುಟ್ಟಿರಬಹುದು ಅಂತ ಓದಿದೆ. ವಿಶ್ವದಲ್ಲಿ ದೋಷ ಅಂದ್ರೆ ಏನು?’ ಪತ್ರ ಓದುವಾಗ ನನಗೆ ಮೊದಲು ನೆನಪಾದದ್ದು ಆ ಎತ್ತಿನ ಬೆನ್ನು.

‘ದೋಷ’ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಯಾರೋ ಮಾಡಿದ ತಪ್ಪಿನ ಹಾಗೆ, ತಿದ್ದಿದರೆ ಸರಿಹೋಗುವುದರ ಹಾಗೆ ಕೇಳಿಸುತ್ತದೆ. ಭೌತವಿಜ್ಞಾನಿಗಳು ಹೇಳುವ ವಸ್ತುವಿಗೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದವೇ ಇದೆ: ಸುಳಿ. ಎತ್ತಿನ ಮೈಮೇಲೆ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಮಲಗಿರುತ್ತದೆ. ಸುಳಿಯ ಸುತ್ತ ಬೆರಳಿನಿಂದ ಒಂದು ಸುತ್ತು ಹಾಕಿದರೆ ಕೂದಲಿನ ದಿಕ್ಕೂ ತಿರುಗುತ್ತಾ ತಿರುಗುತ್ತಾ ಪೂರ್ತಿ ಒಂದು ಸುತ್ತು ಬರುತ್ತದೆ. ನಟ್ಟನಡುವಿನ ಚುಕ್ಕೆಯಲ್ಲಿ ಕೂದಲಿಗೆ ಯಾವ ದಿಕ್ಕೂ ಇಲ್ಲ. ಬಾಚಣಿಗೆಯಿಂದ ಸುಳಿಯನ್ನು ಇಷ್ಟು ಆಚೆಗೋ ಈಚೆಗೋ ಸರಿಸಬಹುದೇ ಹೊರತು ಅಳಿಸಲಾಗದು. ಸುತ್ತಲಿನ ಕೂದಲಿನ ಜೋಡಣೆಯೇ ಅದನ್ನು ಹಿಡಿದಿಟ್ಟಿರುತ್ತದೆ.

ಹಸುಳೆ ವಿಶ್ವದಲ್ಲಿ ಇಂಥ ಸುಳಿಗಳು ಮೂಡಿರಬೇಕು ಎಂದು 1976ರಲ್ಲಿ ಬರೆದವರು ಟಾಮ್ ಕಿಬ್ಬಲ್. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರೊಫೆಸರ್; ಹುಟ್ಟಿದ್ದು ಮಾತ್ರ 1932ರಲ್ಲಿ, ನಮ್ಮ ಪಕ್ಕದ ಮದರಾಸಿನಲ್ಲಿ. ಅವರ ವಾದವನ್ನು ಅಡುಗೆಮನೆಯಲ್ಲೇ ತೋರಿಸಬಹುದು. ಡಿಸೆಂಬರಿನ ಚಳಿಯಲ್ಲಿ ಬೆಣ್ಣೆ ಕಾಯಿಸಿ ಸೋಸಿಟ್ಟ ತುಪ್ಪ ಹೇಗೆ ಗಟ್ಟಿಯಾಗುತ್ತದೆ ನೋಡಿ. ಇಡೀ ಪಾತ್ರೆ ಒಟ್ಟಿಗೇ ಹೆಪ್ಪುಗಟ್ಟುವುದಿಲ್ಲ. ಅಂಚಿನಲ್ಲೊಂದು ಹರಳು, ನಡುವೆ ಒಂದು, ತಳದಲ್ಲಿ ಹತ್ತು ಹುಟ್ಟುತ್ತವೆ. ಒಂದು ಹರಳು ಯಾವ ದಿಕ್ಕಿಗೆ ಬೆಳೆಯುತ್ತಿದೆ ಎಂಬುದು ಇನ್ನೊಂದಕ್ಕೆ ತಿಳಿಯದು. ಬೆಳೆದು ಬೆಳೆದು ಒಂದಕ್ಕೊಂದು ತಾಕಿದಾಗ ನಡುವೆ ಗೆರೆ ಉಳಿಯುತ್ತದೆ. ನಿಧಾನವಾಗಿ ಆರಿದ ತುಪ್ಪದಲ್ಲಿ ಹರಳು ದಪ್ಪ, ಗೆರೆ ಕಡಿಮೆ. ಬಿಸಿ ತುಪ್ಪವನ್ನು ಫ್ರಿಜ್ಜಿಗೆ ಇಟ್ಟರೆ ಹರಳು ಸಣ್ಣ, ಗೆರೆ ಲೆಕ್ಕವಿಲ್ಲದಷ್ಟು. ಎಷ್ಟು ಬೇಗ ತಣಿದರೆ ಅಷ್ಟು ಸುಳಿ ಎಂಬ ಇದೇ ಬಗೆಯ ಲೆಕ್ಕವನ್ನು ವೊಯ್ಚೆಕ್ ಜುರೆಕ್ 1985ರಲ್ಲಿ ದ್ರವ ಹೀಲಿಯಮ್ಮಿಗೆ ಹಾಕಿ, ಪ್ರಯೋಗಶಾಲೆಯಲ್ಲೇ ಪರೀಕ್ಷಿಸಬಹುದು ಎಂದು ತೋರಿಸಿದರು.

ಮಹಾಸ್ಫೋಟವಾದ ಮರುಗಳಿಗೆ ವಿಶ್ವವೂ ಹೀಗೆಯೇ ತಣಿಯುತ್ತಿತ್ತು. ಮೊದಲು ಎಲ್ಲ ದಿಕ್ಕೂ ಒಂದೇ, ಎಲ್ಲ ಬಲವೂ ಒಂದೇ ಎನ್ನುವಂಥ ಸಮಸ್ಥಿತಿ. ಬಿಸಿ ಇಳಿದಂತೆ ಆ ಸಮಸ್ಥಿತಿ ಮುರಿಯಿತು. ಆಕಾಶವನ್ನೆಲ್ಲ ತುಂಬಿರುವ ಕ್ಷೇತ್ರವೊಂದು ಯಾವುದಾದರೂ ಒಂದು ದಿಕ್ಕನ್ನು ಆರಿಸಿಕೊಳ್ಳಲೇಬೇಕಾಯಿತು. ಬೆಳಕಿಗಿಂತ ಬೇಗ ಸುದ್ದಿ ಹೋಗದು. ಒಂದು ಮೂಲೆಯ ಆಯ್ಕೆ ಇನ್ನೊಂದು ಮೂಲೆಗೆ ತಲುಪುವ ಮೊದಲೇ ಅಲ್ಲಿಯೂ ಆಯ್ಕೆ ಮುಗಿದಿತ್ತು. ಎಲ್ಲಿ ಆಯ್ಕೆಗಳು ಹೊಂದಲಿಲ್ಲವೋ ಅಲ್ಲಿ ಸುಳಿ ಉಳಿಯಿತು. ಕ್ಷೇತ್ರದ ಸ್ವಭಾವ ನೋಡಿಕೊಂಡು ಅದು ಚುಕ್ಕೆಯಾಗಬಹುದು, ಎಳೆಯಾಗಬಹುದು, ಗೋಡೆಯೂ ಆಗಬಹುದು. ಎಳೆಗೆ ವಿಶ್ವತಂತು ಎನ್ನೋಣ. ತಂತುವಿನ ನಡುವೆ ಕ್ಷೇತ್ರಕ್ಕೆ ದಿಕ್ಕಿಲ್ಲ, ಅಂದರೆ ಅಲ್ಲಿ ಹಳೆಯ ಸಮಸ್ಥಿತಿ ಹಾಗೆಯೇ ಉಳಿದಿದೆ. ಆ ಮೊದಲ ಗಳಿಗೆಯ ಶಕ್ತಿ ಎಳೆಯೊಳಗೆ ಸಿಕ್ಕಿಕೊಂಡಿದೆ. ಮೂಲಬಲಗಳೆಲ್ಲ ಬೇರೆಯಾದ ಆ ಅತಿ ಬಿಸಿಯ ಕಾಲದಲ್ಲಿ ಮೂಡಿದ ತಂತುವಾದರೆ ಅದರ ದಪ್ಪ ಪ್ರೋಟಾನಿಗಿಂತ ಕೋಟಿ ಕೋಟಿ ಪಟ್ಟು ಕಡಿಮೆ. ತೂಕವೋ, ಅರಮನೆಯಿಂದ ಚಾಮುಂಡಿ ಬೆಟ್ಟದ ತಪ್ಪಲಿನವರೆಗೆ, ಅಂದರೆ ನಾಲ್ಕೈದು ಕಿಲೋಮೀಟರ್ ಎಳೆದರೆ ಇಡೀ ಭೂಮಿಯಷ್ಟು.

ಇದನ್ನೆಲ್ಲ ಕಾಗದದ ಮೇಲೆ ಓದುವುದೇ ಬೇರೆ, ಕಣ್ಣಾರೆ ನೋಡುವುದೇ ಬೇರೆ. ವಿಶ್ವತಂತುವನ್ನು ಇದುವರೆಗೆ ಯಾರೂ ಕಂಡಿಲ್ಲ. ಆದರೆ ಅದರ ಚಿಕ್ಕ ದಾಯಾದಿಯನ್ನು ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ನೋಡಿದ್ದೇನೆ. ಗಾಜಿನ ಎರಡು ಹಲ್ಲೆಗಳ ನಡುವೆ ಒಂದು ಹನಿ ದ್ರವ ಹರಳು. ಗಟ್ಟಿ ಹರಳೂ ಅಲ್ಲ, ಬರೀ ದ್ರವವೂ ಅಲ್ಲ. ಕಡ್ಡಿಯಂಥ ಅಣುಗಳು ಹರಿಯುತ್ತಲೇ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗುವ ಸ್ಥಿತಿ. ಸೂಕ್ಷ್ಮದರ್ಶಕದಲ್ಲಿ ಹನಿಯ ಕೆಳಗೊಂದು ಮೇಲೊಂದು ಪೋಲರಾಯ್ಡ್ ಅನ್ನು ಅಡ್ಡಡ್ಡವಾಗಿ ಇಟ್ಟಿರುತ್ತಾರೆ. ಬಿಸಿ ಮಾಡಿದಾಗ ಅಣುಗಳು ಚೆಲ್ಲಾಪಿಲ್ಲಿಯಾಗಿ, ಕಣ್ಣಿಗೆ ಬರೀ ಕತ್ತಲು. ಬಿಸಿ ನಿಲ್ಲಿಸಿ ಕಾಯಬೇಕು. ಕತ್ತಲಲ್ಲಿ ಒಂದು ಬಣ್ಣದ ಹನಿ ಮೂಡುತ್ತದೆ, ಪಕ್ಕದಲ್ಲಿ ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ಹನಿಗಳು ಉಬ್ಬಿ ಒಂದರೊಳಗೊಂದು ಬೆರೆಯುತ್ತವೆ. ಬೆರೆತ ಮೇಲೆ ಹಸಿರು, ಗುಲಾಬಿ ಬಣ್ಣದ ಬಯಲಿನಲ್ಲಿ ಕಪ್ಪು ದಾರಗಳು ಉಳಿಯುತ್ತವೆ. ಅವೇ ಸುಳಿಗಳು. ಈ ಬಗೆಯ ದ್ರವ ಹರಳಿಗೆ ನೆಮ್ಯಾಟಿಕ್ ಎಂದು ಹೆಸರು; ದಾರ ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದು ಬಂದದ್ದೇ ಈ ನೋಟದಿಂದ. ದಾರಗಳು ಸೆಟೆದ ರಬ್ಬರಿನಂತೆ ಎಳೆದುಕೊಳ್ಳುತ್ತವೆ. ಎರಡು ದಾರ ಅಡ್ಡ ಬಂದರೆ ತುದಿ ಬದಲಿಸಿಕೊಳ್ಳುತ್ತವೆ. ಒಂದು ದಾರ ತನ್ನನ್ನೇ ಮುಟ್ಟಿದರೆ ಉಂಗುರ ಕಳಚಿಕೊಳ್ಳುತ್ತದೆ, ಉಂಗುರ ಕುಗ್ಗುತ್ತಾ ಹೋಗಿ ಚುಕ್ಕೆಯಾಗಿ ಮಾಯವಾಗುತ್ತದೆ.

ವಿಶ್ವತಂತುಗಳ ನಡತೆಗೆ ಸಿದ್ಧಾಂತಿಗಳು ಬರೆದಿರುವ ವಿವರಣೆ ಇದಕ್ಕೆ ತೀರಾ ಹತ್ತಿರ. 1991ರಲ್ಲಿ ಅಮೆರಿಕದಲ್ಲಿ ಚುವಾಂಗ್, ಡುರ್ರರ್, ಟುರೊಕ್, ಯುರ್ಕೆ ಎಂಬ ನಾಲ್ವರು ಇದೇ ದ್ರವ ಹರಳಿನ ದಾರಗಳನ್ನು ಅಳೆದು, ಅವು ವಿರಳವಾಗುವ ಬಗೆಯನ್ನು ವಿಶ್ವವಿಜ್ಞಾನದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು.

ಮೈಸೂರಿನವನಾದ ನನಗೆ ಇಲ್ಲಿ ಹೆಮ್ಮೆಪಡಲು ಕಾರಣವಿದೆ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಶಿವರಾಮಕೃಷ್ಣ ಚಂದ್ರಶೇಖರ್ ಬಂದರು. ಆಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಮಾನಸಗಂಗೋತ್ರಿ ಇನ್ನೂ ಹೊಸದು. ದ್ರವ ಹರಳು ಎಂದರೆ ಜಗತ್ತಿನಲ್ಲೇ ಬೆರಳೆಣಿಕೆಯ ಜನ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅವರು ಆ ವಿಷಯವನ್ನು ಇಲ್ಲಿ ನೆಟ್ಟರು. ಹತ್ತು ವರ್ಷದ ನಂತರ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವ ಹರಳಿನ ಪ್ರಯೋಗಾಲಯ ಕಟ್ಟಿದರು. 1977ರಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರ ಜೊತೆ ಬಿಲ್ಲೆಯಾಕಾರದ ಅಣುಗಳ ಹೊಸ ದ್ರವ ಹರಳನ್ನೇ ಕಂಡುಹಿಡಿದರು. ಜಿ.ಎಸ್. ರಂಗನಾಥ್ ಅವರೊಂದಿಗೆ 1986ರಲ್ಲಿ ಬರೆದ ದೀರ್ಘ ಪ್ರಬಂಧದ ವಿಷಯ ಈ ಸುಳಿಗಳದ್ದೇ: ಅವುಗಳ ರಚನೆ ಏನು, ಅವುಗಳಲ್ಲಿ ಎಷ್ಟು ಶಕ್ತಿ ಅಡಗಿದೆ. ಈ ಚಂದ್ರಶೇಖರ್ ಸಿ.ವಿ. ರಾಮನ್ ಅವರ ತಂಗಿಯ ಮಗ. ನಕ್ಷತ್ರಗಳ ಸಾವಿನ ಲೆಕ್ಕ ಬರೆದು 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ರಾಮನ್ ಅವರ ಅಣ್ಣನ ಮಗ. ಹೆಸರೊಂದೇ ಆದ್ದರಿಂದ ಜನ ಇವರಿಬ್ಬರನ್ನು ಒಬ್ಬರೆಂದೇ ತಿಳಿಯುತ್ತಾರೆ. ಇಂದಿನ ವಿಷಯಕ್ಕೆ ಇಬ್ಬರೂ ಬೇಕು. ಎರಡನೆಯವರು ಸ್ವಲ್ಪ ಹೊತ್ತಿನಲ್ಲಿ ಬರುತ್ತಾರೆ.

ಈಗ ಕಪ್ಪು ದ್ರವ್ಯ. ನಕ್ಷತ್ರಮಂಡಲಗಳ ಅಂಚಿನ ತಾರೆಗಳು ಕಾಣುವ ದ್ರವ್ಯದ ಸೆಳೆತಕ್ಕೆ ಹೊಂದದಷ್ಟು ವೇಗದಲ್ಲಿ ಸುತ್ತುತ್ತಿವೆ. ಕಾಣದ್ದೇನೋ ಅವನ್ನು ಹಿಡಿದಿಟ್ಟಿದೆ. ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಈ ಕಾಣದ ಬಗೆ. ನಾವು, ನೀವು, ಕಾವೇರಿ, ಸೂರ್ಯ ಎಲ್ಲ ಸೇರಿ ಉಳಿದ ಒಂದು ಪಾಲು. ಆ ಕಾಣದ ದ್ರವ್ಯ ಬೆಳಕನ್ನು ಸೂಸುವುದಿಲ್ಲ, ತಡೆಯುವುದೂ ಇಲ್ಲ. ಕಪ್ಪು ಎನ್ನುವುದಕ್ಕಿಂತ ಪಾರದರ್ಶಕ ಎಂದಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ಅದು ಏನಿರಬಹುದು ಎಂಬುದಕ್ಕೆ ಒಳ್ಳೆಯ ಊಹೆಗಳಲ್ಲೊಂದು ಆಕ್ಸಿಯಾನ್ ಎಂಬ ಕಣ. ಕಪ್ಪು ದ್ರವ್ಯಕ್ಕಾಗಿ ಹುಟ್ಟಿಸಿದ ಕಣವಲ್ಲ ಇದು. ಪರಮಾಣು ಬೀಜದ ಬಲಗಳಲ್ಲಿದ್ದ ಬೇರೊಂದು ಒಗಟಿಗೆ ಪೆಚ್ಚೈ ಮತ್ತು ಕ್ವಿನ್ ಎಂಬಿಬ್ಬರು 1977ರಲ್ಲಿ ಉತ್ತರ ಕೊಟ್ಟರು. ಮರುವರ್ಷ ವೈನ್‌ಬರ್ಗ್ ಮತ್ತು ವಿಲ್ಚೆಕ್ ಆ ಉತ್ತರದೊಳಗೆ ಒಂದು ಹೊಸ ಕಣ ಅಡಗಿದೆ ಎಂದು ಕಂಡರು.

ಆಕ್ಸಿಯಾನಿನ ಕ್ಷೇತ್ರಕ್ಕೂ ದಿಕ್ಕಿದೆ. ದಿಕ್ಕಿದ್ದಲ್ಲಿ ಸುಳಿ. ಆ ಕ್ಷೇತ್ರದ ಸಮಸ್ಥಿತಿ ಮುರಿದಾಗ ವಿಶ್ವದ ತುಂಬ ತಂತುಗಳ ಬಲೆ ಹರಡಿತು. ತಂತುಗಳು ಕಂಪಿಸುತ್ತಾ, ತುಂಡಾಗುತ್ತಾ, ಉಂಗುರಗಳಾಗಿ ಕುಗ್ಗುತ್ತಾ ಆಕ್ಸಿಯಾನ್‌ಗಳನ್ನು ಚೆಲ್ಲಿದವು. ಗಾಜಿನ ಹಲ್ಲೆಯಲ್ಲಿ ಕುಗ್ಗುವ ಉಂಗುರದ ಶಕ್ತಿ ಸುತ್ತಲಿನ ದ್ರವದ ಬಿಸಿಯಾಗಿ ಕರಗುತ್ತದೆ. ಆಕಾಶದಲ್ಲಿ ಅಂಥ ಅಂಟು ದ್ರವ ಇಲ್ಲವಾದ್ದರಿಂದ ಶಕ್ತಿ ಕಣಗಳಾಗಿ ಹೊರಬೀಳುತ್ತದೆ. ವಿಶ್ವಕ್ಕೆ ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ವಯಸ್ಸಾಗಿ, ಬಿಸಿ ಲಕ್ಷ ಕೋಟಿ ಡಿಗ್ರಿಯ ಆಸುಪಾಸಿಗೆ ಇಳಿದಾಗ ಎರಡನೆಯ ಘಟ್ಟ ಬಂತು. ಕ್ಷೇತ್ರದ ಎಲ್ಲ ದಿಕ್ಕುಗಳೂ ಸಮ ಎಂಬುದು ಹೋಗಿ ಒಂದು ದಿಕ್ಕು ಇಳಿಜಾರಾಯಿತು. ಆಗ ಪ್ರತಿ ತಂತುವಿಗೂ ಒಂದು ಗೋಡೆ ಅಂಟಿಕೊಂಡಿತು. ಗೋಡೆ ತಂತುಗಳನ್ನು ಎಳೆದೆಳೆದು ಒಂದಕ್ಕೊಂದು ಢಿಕ್ಕಿ ಹೊಡೆಸಿತು, ಇಡೀ ಬಲೆ ಕುಸಿದುಹೋಯಿತು. ಉಳಿದದ್ದು ಆಕ್ಸಿಯಾನ್‌ಗಳ ಮಂಜು. ಆ ಮಂಜೇ ಇಂದಿನ ಕಪ್ಪು ದ್ರವ್ಯ ಎಂಬುದು ಈ ವಾದದ ತಿರುಳು. ತಂತುಗಳು ಸತ್ತ ರೀತಿಯನ್ನು ದೊಡ್ಡ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕಿದರೆ ಆಕ್ಸಿಯಾನ್ ಎಷ್ಟು ತೂಗಬೇಕು ಎಂಬ ಅಂದಾಜು ಕೂಡ ಬರುತ್ತದೆ: ಎಲೆಕ್ಟ್ರಾನಿಗಿಂತ ನೂರಾರು ಕೋಟಿಯಿಂದ ಸಾವಿರ ಕೋಟಿ ಪಟ್ಟು ಹಗುರ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬಲವಾದ ಅಯಸ್ಕಾಂತದೊಳಗೆ ತಣ್ಣಗಿನ ಲೋಹದ ಡಬ್ಬಿಯಿಟ್ಟು, ಆಕ್ಸಿಯಾನ್ ಮೈಕ್ರೋವೇವ್ ಆಗಿ ಬದಲಾಗುವ ಪಿಸುಮಾತಿಗೆ ವರ್ಷಗಳಿಂದ ಕಿವಿಗೊಟ್ಟಿದ್ದಾರೆ. ರೇಡಿಯೊದ ತಿರುಗಣೆ ತಿರುಗಿಸಿದಂತೆ ಒಂದೊಂದೇ ಆವರ್ತಾಂಕ. ಈ ಎಲ್ಲ ಊಹೆಗಳಲ್ಲಿ ನನ್ನ ಮನಸ್ಸು ಹೆಚ್ಚು ವಾಲುವುದು ಇದರ ಕಡೆಗೇ, ಏಕೆಂದರೆ ಇಲ್ಲಿ ಹುಡುಕಬೇಕಾದ ಜಾಗ ಗೊತ್ತಿದೆ, ಸುಳ್ಳಾದರೆ ಸುಳ್ಳೆಂದು ತಿಳಿಯುವ ದಾರಿಯೂ ಇದೆ.

ಕಪ್ಪು ಕುಳಿಯ ದಾರಿ ಇದಕ್ಕಿಂತ ಕಡಿದು. ತಂತುವಿನ ಉಂಗುರ ಕುಗ್ಗುತ್ತಾ ಹೋಗಿ, ತನ್ನ ತೂಕಕ್ಕೆ ತಕ್ಕ ಕಪ್ಪು ಕುಳಿಯ ಗಾತ್ರಕ್ಕಿಂತ ಒಳಗೆ ಬಂದುಬಿಟ್ಟರೆ ಅಲ್ಲಿಗೆ ಮುಗಿಯಿತು, ಬೆಳಕೂ ಹೊರಬರದು. 1989ರಲ್ಲಿ ಸ್ಟೀಫನ್ ಹಾಕಿಂಗ್ ಇದನ್ನು ಬರೆದರು. ತೊಡಕೆಂದರೆ ಉಂಗುರ ಬಳೆಯಷ್ಟು ದುಂಡಗಿರಬೇಕು. ಸ್ವಲ್ಪ ಸೊಟ್ಟಗಿದ್ದರೂ ಒಂದು ಬದಿ ಇನ್ನೊಂದನ್ನು ದಾಟಿ ಹೋಗಿಬಿಡುತ್ತದೆ. ಹಸುಳೆ ವಿಶ್ವದ ಆ ಗೊಂದಲದಲ್ಲಿ ಅಷ್ಟು ದುಂಡು ಉಂಗುರ ಎಷ್ಟು ಸಿಕ್ಕಾವು? ಹಾಗಾಗಿ ಈಚೆಗೆ ಹೆಚ್ಚಿನವರ ಕಣ್ಣು ಗೋಡೆಗಳ ಮೇಲಿದೆ. ಚೆಂಡಿನಂತೆ ಮುಚ್ಚಿಕೊಂಡ ಗೋಡೆ ತನ್ನದೇ ಸೆಳೆತಕ್ಕೆ ಒಳಗೆ ಕುಸಿದರೆ ಕಪ್ಪು ಕುಳಿಯಾಗುವುದು ಅಷ್ಟು ಕಷ್ಟವಲ್ಲ. ಗೋಡೆಗಳು ಹಾಗೇ ಉಳಿದುಬಿಟ್ಟರೆ ಇಡೀ ವಿಶ್ವವನ್ನೇ ಆಳಿಬಿಡುತ್ತವೆ ಎಂದು ಜೆಲ್ದೊವಿಚ್ ಮತ್ತು ಸಂಗಡಿಗರು 1974ರಲ್ಲೇ ಎಚ್ಚರಿಸಿದ್ದರು. ಗೋಡೆಗಳು ಇದ್ದವು ಎನ್ನುವವರು ಅವು ಸತ್ತದ್ದು ಹೇಗೆ ಎಂದೂ ಹೇಳಬೇಕು.

ಹೀಗೆ ಹುಟ್ಟಿದ ಕಪ್ಪು ಕುಳಿ ನಕ್ಷತ್ರ ಸತ್ತು ಆದದ್ದಲ್ಲ. ಅದು ಬೆಟ್ಟದಷ್ಟೇ ತೂಗಬಹುದು. ನಮ್ಮ ಚಾಮುಂಡಿ ಬೆಟ್ಟವನ್ನೇ ತೆಗೆದುಕೊಂಡು ಸ್ಥೂಲವಾಗಿ ಲೆಕ್ಕ ಹಾಕಿದೆ. ಸುಮಾರು ಮುನ್ನೂರು ಮೀಟರ್ ಎತ್ತರ, ಎರಡು ಮೂರು ಕಿಲೋಮೀಟರ್ ಹರವು, ಗಟ್ಟಿ ಕಲ್ಲು: ಒಂದು ಲಕ್ಷ ಕೋಟಿ ಕಿಲೋಗ್ರಾಮಿನ ಹತ್ತಿರ. ಅಷ್ಟನ್ನೂ ಕಪ್ಪು ಕುಳಿಯಾಗುವಂತೆ ಅದುಮಿದರೆ ಅದರ ಗಾತ್ರ ಒಂದು ಪ್ರೋಟಾನಿನ ಆಸುಪಾಸು. ಹಾಕಿಂಗ್ 1974ರಲ್ಲಿ ತೋರಿಸಿದಂತೆ ಕಪ್ಪು ಕುಳಿಗಳು ನಿಧಾನವಾಗಿ ಆವಿಯಾಗುತ್ತವೆ, ಚಿಕ್ಕದಾದಷ್ಟೂ ಬೇಗ. ಚಾಮುಂಡಿ ಬೆಟ್ಟದ ಅರ್ಧಕ್ಕಿಂತ ಕಡಿಮೆ ತೂಕದವೆಲ್ಲ ಇಷ್ಟು ಹೊತ್ತಿಗೆ ಆವಿಯಾಗಿ ಹೋಗಿರಬೇಕು. ಬೆಟ್ಟಕ್ಕಿಂತ ನೂರು ಪಟ್ಟಿನಿಂದ ಕೋಟಿ ಪಟ್ಟಿನವರೆಗೆ ತೂಕವಿರುವ, ಅಂದರೆ ಕ್ಷುದ್ರಗ್ರಹಗಳಷ್ಟು ಭಾರದ ಕಪ್ಪು ಕುಳಿಗಳನ್ನು ಮಾತ್ರ ಯಾವ ವೀಕ್ಷಣೆಯೂ ಇನ್ನೂ ತಳ್ಳಿಹಾಕಿಲ್ಲ. ಕಪ್ಪು ದ್ರವ್ಯವೆಲ್ಲ ಇಂಥ ಕುಳಿಗಳೇ ಆಗಿರಲು ಉಳಿದಿರುವ ಕಿಟಕಿ ಇದು. ‘ಎರಡೂ ಒಂದೇನಾ’ ಎಂದು ಕೇಳಿದವರಿಗೆ ನನ್ನ ಉತ್ತರ: ಒಂದೇ ಆಗಿರಬೇಕಾಗಿಲ್ಲ, ಆಗಿದ್ದರೆ ಈ ಕಿಟಕಿಯೊಳಗೇ ಆಗಿರಬೇಕು.

2015ರ ಸೆಪ್ಟೆಂಬರಿನಲ್ಲಿ ಲೈಗೋ ಶೋಧಕ ಮೊದಲ ಗುರುತ್ವ ಅಲೆಯನ್ನು ಹಿಡಿದಾಗ, ಆ ಅಲೆ ಎಬ್ಬಿಸಿದ ಢಿಕ್ಕಿಯ ಎರಡೂ ಕಪ್ಪು ಕುಳಿಗಳು ಸೂರ್ಯನ ಮೂವತ್ತು ಪಟ್ಟಿನ ಆಸುಪಾಸು ಇದ್ದವು. ಕುಳಿಗಳು ಕೂಡಿದ ಮೇಲೆ ಗಂಟೆಯ ನಾದದಂತೆ ಅಲೆ ಅಡಗುವ ಬಗೆಯನ್ನು 1970ರಲ್ಲೇ ಬರೆದಿಟ್ಟವರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಆ ಕುಳಿಗಳು ಮೊದಲ ಗಳಿಗೆಯವೇ ಇರಬಹುದೇ ಎಂಬ ಚರ್ಚೆ ಆಗ ಮತ್ತೆ ಎದ್ದಿತು. ತೀರ್ಮಾನಕ್ಕೆ ಒಂದು ಒರೆಗಲ್ಲಿದೆ, ಅದನ್ನು ಕೊಟ್ಟವರು ರಾಮನ್ ಅವರ ಇನ್ನೊಬ್ಬ ಚಂದ್ರಶೇಖರ್. ಸತ್ತ ನಕ್ಷತ್ರದ ತಿರುಳು ಸೂರ್ಯನ 1.4 ಪಟ್ಟಿಗಿಂತ ಹಗುರವಾಗಿದ್ದರೆ ಅದು ಬಿಳಿ ಕುಬ್ಜವಾಗಿ ಉಳಿಯುತ್ತದೆ, ಮುಂದಕ್ಕೆ ಕುಸಿಯುವುದಿಲ್ಲ. ನಕ್ಷತ್ರದಿಂದ ಸೂರ್ಯನಿಗಿಂತ ಹಗುರವಾದ ಕಪ್ಪು ಕುಳಿ ಆಗುವ ದಾರಿ ಇಲ್ಲ. ಅಂಥದ್ದೊಂದು ನಿಸ್ಸಂಶಯವಾಗಿ ಸಿಕ್ಕಿದ ದಿನ ಅದು ಹಸುಳೆ ವಿಶ್ವದ ಕುಡಿ ಎಂದೇ ತಿಳಿಯಬೇಕು.

ಚುಕ್ಕೆಯಂಥ ಸುಳಿಯ ಮಾತು ಉಳಿಯಿತು. ಅದು ಒಂಟಿ ಕಾಂತಧ್ರುವ, ಉತ್ತರ ಮಾತ್ರ ಇದ್ದು ದಕ್ಷಿಣವಿಲ್ಲದ ಅಯಸ್ಕಾಂತ. ಇದರ ಹುಡುಕಾಟ ನಮ್ಮ ಮಣ್ಣಿನೊಳಗೇ ನಡೆದಿದೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆಯುವ ಕೆಲಸಕ್ಕೆ 1950ರ ದಶಕದ ಆರಂಭದಲ್ಲಿ ಇಳಿದವರು ಬಿ.ವಿ. ಶ್ರೀಕಂಠನ್, ನಂಜನಗೂಡಿನಲ್ಲಿ ಹುಟ್ಟಿದವರು. ಆ ಪರಂಪರೆಯಲ್ಲೇ 1980ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ ಸೇರಿ 140 ಟನ್ನಿನ ಉಪಕರಣ ನಿಲ್ಲಿಸಿದವು. ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡುವುದು ಮುಖ್ಯ ಉದ್ದೇಶ; ಅದೇ ಉಪಕರಣದಲ್ಲಿ ನಿಧಾನವಾಗಿ ಹಾದುಹೋಗುವ ಒಂಟಿ ಧ್ರುವಕ್ಕೂ ಕಾದರು. ಒಂದೂ ಬರಲಿಲ್ಲ. ಬರಲಿಲ್ಲ ಎಂಬುದೂ ಒಂದು ಅಳತೆಯೇ. ಸಿದ್ಧಾಂತ ಹೇಳಿದಷ್ಟು ಒಂಟಿ ಧ್ರುವಗಳು ಇಲ್ಲವಲ್ಲ ಎಂಬ ಇದೇ ಕೊರತೆಯನ್ನು ಚಿಂತಿಸುತ್ತಾ ಅಲನ್ ಗೂತ್ ವಿಶ್ವವು ಒಮ್ಮೆಲೇ ಅಗಾಧವಾಗಿ ಉಬ್ಬಿತು ಎಂಬ ವಿಚಾರಕ್ಕೆ ಬಂದದ್ದು. ಸುಳಿಗಳೆಲ್ಲ ದೂರ ದೂರ ಚದುರಿಹೋದವು ಎಂಬುದು ಅವರ ವಿವರಣೆ. ಆದ್ದರಿಂದ ಇಂದು ಲೆಕ್ಕಕ್ಕೆ ಬರುವುದು ಆ ಉಬ್ಬರ ಇಳಿದ ಮೇಲೆ ಮೂಡಿದ ಸುಳಿಗಳು ಮಾತ್ರ.

ತಂತುಗಳ ಹುಡುಕಾಟ ನಿಂತಿಲ್ಲ. 2023ರ ಜೂನ್‌ನಲ್ಲಿ ಬೇರೆ ಬೇರೆ ದೇಶಗಳ ತಂಡಗಳು ಪಲ್ಸಾರ್ ಎಂಬ ತಾರೆಗಳ ಮಿಡಿತದಲ್ಲಿ ಗುರುತ್ವ ಅಲೆಗಳ ಹಿನ್ನೆಲೆ ಗುಂಯ್‌ಗುಡುವಿಕೆ ಇದೆ ಎಂದು ತಿಳಿಸಿದವು. ಪುಣೆಯ ಬಳಿಯ ದೈತ್ಯ ರೇಡಿಯೊ ದೂರದರ್ಶಕವನ್ನು ಬಳಸುವ ಭಾರತದ ತಂಡವೂ ಅದರಲ್ಲಿತ್ತು. ದೊಡ್ಡ ಕಪ್ಪು ಕುಳಿಗಳ ಜೋಡಿಗಳೇ ಅದಕ್ಕೆ ಕಾರಣ ಎಂದು ಹೆಚ್ಚಿನವರು ನಂಬುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಕುಗ್ಗುವ ತಂತುಗಳ ಉಂಗುರಗಳಿಂದಲೂ ಅಂಥ ಗುಂಯ್‌ಗುಡುವಿಕೆ ಬರಬಹುದು.

ಪತ್ರ ಬರೆದ ಹುಡುಗಿಗೆ ಬರೀ ಉತ್ತರ ಕಳಿಸಿದರೆ ಸಾಲದು ಅನ್ನಿಸಿತು. ಪರಿಚಯದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕಳೆದ ಶನಿವಾರ ಅದೇ ಬಗೆಯ ಹಲ್ಲೆ ಸಿದ್ಧಮಾಡಿ ಕರೆದೆ. ಬಿಸಿ ನಿಲ್ಲಿಸಿದ ಮೇಲೆ ಅವಳು ಕಣ್ಣು ಕೀಳಲಿಲ್ಲ. ಹನಿಗಳು ಮೂಡಿ ಬೆರೆತದ್ದನ್ನು, ದಾರಗಳು ಉಳಿದದ್ದನ್ನು ಪಿಸುದನಿಯಲ್ಲಿ ತನಗೇ ಹೇಳಿಕೊಳ್ಳುತ್ತಿದ್ದಳು. ‘ಉಂಗುರ ಆಯ್ತು ಸರ್. ಚಿಕ್ಕದಾಗ್ತಿದೆ. ಚಿಕ್ಕದಾಗ್ತಿದೆ...’ ಆಮೇಲೆ ತಲೆ ಎತ್ತಿ, ‘ಹೋಯ್ತು. ಅದರಲ್ಲಿದ್ದದ್ದೆಲ್ಲ ಎಲ್ಲಿಗೆ ಹೋಯ್ತು ಸರ್?’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಹಲ್ಲೆಯನ್ನು ಮತ್ತೆ ಬಿಸಿಗೆ ಇಟ್ಟಳು.